ಹಳೆಯ ರಾಕ್ ಸ್ಲೈಡರ್ ಕೊಂಡು ನಾನೇ ಕೂಡಿಸಿದ ಬಗೆ

ನಾನು ಪಿಕಪ್ ಟ್ರಕ್ ಕೊಂಡಾಗಲೇ ಅದರ ಎರಡೂ ಬದಿಗೆ ಹೊಳೆಯುವ ಸೈಡ್ ಸ್ಟೆಪ್‌ಗಳಿದ್ದವು. ನೋಡಲು ದಪ್ಪ ಪೈಪಿನಂತಿದ್ದ ಅವು ಬಾಗಿಲಿನ ಕೆಳಭಾಗವನ್ನು ಕಲ್ಲುಗಳಿಂದ ಕಾಪಾಡುತ್ತವೆಂದು ಎರಡು ವರ್ಷ ನಂಬಿದ್ದೆ. ಒಮ್ಮೆ ಕಡಿದಾದ ಕಚ್ಚಾದಾರಿಯಲ್ಲಿ ಮುಂದಿನ ಚಕ್ರ ಬಂಡೆಯೊಂದನ್ನು ಹತ್ತಿ ಇಳಿದ ಕೂಡಲೇ ಗಾಡಿಯ ಬದಿ ಅದೇ ಬಂಡೆಯ ಮೇಲೆ ಕೂತಿತು. ಸ್ಟೆಪ್ ಮೇಲಕ್ಕೆ ಮಡಚಿಕೊಂಡಿತು. ಅದರ ಬ್ರಾಕೆಟ್ಟೇ ಬಾಗಿಲಿನಡಿಯ ಸಿಲ್ ತಗಡನ್ನು ಒಳಕ್ಕೆ ಒತ್ತಿದ್ದರಿಂದ ಹಿಂದಿನ ಬಾಗಿಲು ಪೂರ್ತಿ ತೆರೆಯದಂತಾಯಿತು. ಕಾಪಾಡಲೆಂದು ಇದೆಯೆಂದುಕೊಂಡ ವಸ್ತುವೇ ತಗಡನ್ನು ಕೆಡಿಸಿದ್ದನ್ನು ಕಂಡ ಮೇಲೆ ಸ್ಟೆಪ್‌ಗಳನ್ನು ಕಳಚಿ ರಾಕ್ ಸ್ಲೈಡರ್, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಸ್‌ಗೇ ಕೂಡಿಸುವ ಗಟ್ಟಿ ಪೈಪು, ಹಾಕುವ ಯೋಚನೆ ಗಟ್ಟಿಯಾಯಿತು.

ಈ ಎರಡಕ್ಕೂ ಇರುವ ವ್ಯತ್ಯಾಸ ಪೈಪಿನ ಅಂದದಲ್ಲಿಲ್ಲ, ಅದು ನಿಂತಿರುವ ಜಾಗದಲ್ಲಿದೆ. ಸೈಡ್ ಸ್ಟೆಪ್ ಸಾಮಾನ್ಯವಾಗಿ ತೆಳು ಗೋಡೆಯ ಪೈಪು. ಬಹಳಷ್ಟು ಮಾದರಿಗಳಲ್ಲಿ ಅದರ ಬ್ರಾಕೆಟ್‌ಗಳು ಕ್ಯಾಬಿನ್ನಿನ ತಳದಲ್ಲಿರುವ ರಂಧ್ರಗಳಿಗೆ ಸಣ್ಣ ಬೋಲ್ಟುಗಳಿಂದ ಸೇರುತ್ತವೆ. ಅದು ಹೊರಬೇಕಾದದ್ದು ಹತ್ತಿ ಇಳಿಯುವ ಒಬ್ಬ ಮನುಷ್ಯನ ತೂಕವನ್ನು ಮಾತ್ರ. ಸ್ಲೈಡರ್ ಚಾಸಿಸ್‌ನಿಂದಲೇ ಹೊರಚಾಚಿದ ಕಾಲುಗಳ ಮೇಲೆ ನಿಲ್ಲುತ್ತದೆ, ಗಾಡಿಯ ಒಂದು ಬದಿಯ ಭಾರವೆಲ್ಲ ಅದರ ಮೇಲೆ ಬಿದ್ದರೂ ತಡೆಯಬೇಕು. ಎರಡು ಟನ್ ತೂಗುವ ಗಾಡಿಯ ಒಂದು ಬದಿಗೆ ಸುಮಾರು 1,000 ಕಿಲೋ ಭಾರವಿರುತ್ತದೆ. ಹೊರಗಿನ ಪೈಪು ಚಾಸಿಸ್‌ನಿಂದ 25 ಸೆಂಟಿಮೀಟರಿನಷ್ಟು ದೂರವಿದ್ದರೆ ಆ ಭಾರ ಸನ್ನೆಗೋಲಿನಂತೆ ಕಾಲುಗಳ ಬುಡವನ್ನು ತಿರುಚುತ್ತದೆ. ಮೂರು ಕಾಲುಗಳಿದ್ದರೂ ಆ ಭಾರ ಸಮವಾಗಿ ಹಂಚಿಹೋಗುವುದಿಲ್ಲ, ಕಲ್ಲಿಗೆ ಹತ್ತಿರವಿರುವ ಕಾಲೇ ಹೆಚ್ಚಿನ ಪಾಲನ್ನು ಹೊರುತ್ತದೆ. ಆದ್ದರಿಂದ ಹಳೆಯ ಸ್ಲೈಡರಿಗೆ ಬೆಲೆ ಕಟ್ಟುವಾಗ ನಾನು ಪೈಪನ್ನು ಕೊನೆಗೆ ನೋಡುತ್ತೇನೆ, ಕಾಲುಗಳನ್ನು ಮೊದಲು ನೋಡುತ್ತೇನೆ.

ಹಳೆಯದನ್ನೇ ಹುಡುಕಿದ್ದಕ್ಕೆ ಕಾರಣವಿತ್ತು. ಇದು ಉಜ್ಜಿಸಿಕೊಳ್ಳಲೆಂದೇ ಮಾಡಿದ ವಸ್ತು, ಆದ್ದರಿಂದ ತಳದಲ್ಲಿ ಗೀರುಗಳಿದ್ದರೆ ಅದರ ಬಲವೇನೂ ಕುಗ್ಗುವುದಿಲ್ಲ, ಆದರೆ ಮಾರುವವರು ಅದಕ್ಕಾಗಿ ಬೆಲೆ ಇಳಿಸುತ್ತಾರೆ. ಆದರೂ ಮೊದಲ ಜೋಡಿಯಲ್ಲಿ ನಾನು ಎಡವಿದೆ. ನನ್ನದು ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್, 2015ರಲ್ಲಿ ಬಂದ ತಲೆಮಾರಿನದು. ಕೊಂಡದ್ದು ಅದರ ಹಿಂದಿನ ತಲೆಮಾರಿನ ಸ್ಲೈಡರು. ಎರಡರಲ್ಲೂ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,085 ಮಿಲಿಮೀಟರ್ ಎಂದು ನೋಡಿ ಸಮಾಧಾನಪಟ್ಟಿದ್ದೆ, ಆದರೆ ಚಾಸಿಸ್ ಬೇರೆಯದಾಗಿತ್ತು. ಗಾಡಿಯಡಿ ಹಿಡಿದು ನೋಡಿದಾಗ ಒಂದು ಕಾಲೂ ತನ್ನ ಜಾಗಕ್ಕೆ ಕೂರಲಿಲ್ಲ. ಅದನ್ನು ನಷ್ಟಕ್ಕೆ ಮಾರಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನೋಡಲು ಹೋಗುವ ಮೊದಲೇ ನನ್ನ ಚಾಸಿಸ್‌ನ ಎತ್ತರ, ಅಗಲ, ಕಾಲು ಕೂರಬಹುದಾದ ಖಾಲಿ ಜಾಗಗಳ ನಡುವಿನ ಅಂತರ, ಸೈಲೆನ್ಸರ್ ಪೈಪು ಮತ್ತು ಇಂಧನದ ಟ್ಯಾಂಕು ಯಾವ ಬದಿಯಲ್ಲಿವೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಬರೆದು ಒಯ್ಯುತ್ತೇನೆ. ಮಾರುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ‘ನಿಮ್ಮ ಗಾಡಿಗೆ ಇದೇ ಬರುತ್ತದೆ’ ಎಂಬ ಮಾತಿಗಿಂತ ಟೇಪಿನ ಅಳತೆಯನ್ನು ನಂಬುವುದು ಲೇಸು.

ಎರಡನೆಯ ಜೋಡಿಯನ್ನು ನೋಡಲು ಹೋದಾಗ ತಂತಿಯ ಬ್ರಷ್ಷು, ಸಣ್ಣ ಸುತ್ತಿಗೆ, ದಾರ, ಟಾರ್ಚು ಜೊತೆಗಿದ್ದವು. ಕಾಲು ಪ್ಲೇಟಿಗೆ ಸೇರುವಲ್ಲಿನ ಬೆಸುಗೆಯ ಅಂಚನ್ನು ಉಜ್ಜಿ ನೋಡಿದೆ, ಏಕೆಂದರೆ ಬಿರುಕು ಹುಟ್ಟುವುದು ಬೆಸುಗೆಯ ನಡುವೆ ಅಲ್ಲ, ಅದು ಮೂಲ ಉಕ್ಕನ್ನು ಮುಟ್ಟುವ ಗೆರೆಯಲ್ಲಿ. ಒಂದು ಕಾಲಿನಲ್ಲಿ ಕೂದಲೆಳೆಯಂಥ ಗೆರೆ ಕಂಡು ಅನುಮಾನವಾಯಿತು. ಅದನ್ನು ತೀರಿಸಿಕೊಳ್ಳಲು ಮಾಲೀಕರ ಒಪ್ಪಿಗೆ ಪಡೆದು, ಬಿರುಕು ಪತ್ತೆಹಚ್ಚುವ ಮೂರು ಡಬ್ಬಿಗಳ ಸ್ಪ್ರೇಯನ್ನು ಬಳಸಿದೆ: ಒಂದು ತೊಳೆಯುತ್ತದೆ, ಕೆಂಪು ಬಣ್ಣದ್ದು ಸಂದಿಗೆ ಇಳಿಯುತ್ತದೆ, ಹೊರಗಿನದನ್ನು ಒರೆಸಿ ಬಿಳಿಯದನ್ನು ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಅದು ಬಣ್ಣದ ಪದರದ ಗೀರಷ್ಟೇ ಎಂದು ತಿಳಿಯಿತು. ಬೋಲ್ಟಿನ ರಂಧ್ರಗಳು ದುಂಡಾಗಿಯೇ ಇವೆಯೇ, ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿವೆಯೇ ಎಂದೂ ನೋಡಿದೆ. ಎಳೆದುಕೊಂಡಿದ್ದರೆ ಆ ಸ್ಲೈಡರ್ ಸಡಿಲ ಬೋಲ್ಟುಗಳೊಂದಿಗೆ ಬಹುಕಾಲ ಓಡಿದೆ ಎಂದು ಅರ್ಥ. ಆಮೇಲೆ ಪೈಪಿನ ಉದ್ದಕ್ಕೂ ದಾರ ಎಳೆದು ಹಿಡಿದೆ. ಮೂರು ಮಿಲಿಮೀಟರಿನಷ್ಟು ಬಾಗಿತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತುಕ್ಕಿನ ವಿಚಾರ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಪೌಡರ್ ಕೋಟಿಂಗ್ ಮೇಲೆ ನುಣುಪಾಗಿದ್ದರೂ ಅದರಡಿ ನೀರು ಸೇರಿದರೆ ತುಕ್ಕು ಹಾಳೆಯಂತೆ ಹಬ್ಬುತ್ತದೆ, ಪೈಪಿನ ಒಳಗಂತೂ ಬಣ್ಣವೇ ಇರುವುದಿಲ್ಲ. ತಳದಲ್ಲಿ ನೀರು ಬಸಿಯುವ ರಂಧ್ರಗಳಿವೆಯೇ, ಅವು ಕೆಸರಿನಿಂದ ಮುಚ್ಚಿಹೋಗಿವೆಯೇ ಎಂದು ನೋಡಿ, ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಗಟ್ಟಿ ಉಕ್ಕು ಗಂಟೆಯಂತೆ ಸದ್ದು ಕೊಡುತ್ತದೆ. ಒಳಗೆ ಉದುರಿದ ಉಕ್ಕು ಮಂಕಾಗಿ ಸದ್ದು ಮಾಡುತ್ತದೆ. ಅದೇ ರಂಧ್ರದಲ್ಲಿ ತುದಿ ಬಾಗಿಸಿದ ತಂತಿಯನ್ನು ಸಿಕ್ಕಿಸಿ ಗೋಡೆಯ ದಪ್ಪವನ್ನೂ ಅಳೆದೆ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಿತ್ತು. ಹೊರವ್ಯಾಸ ಒಂದೇ ಆಗಿದ್ದು ಗೋಡೆಯ ದಪ್ಪ ಇಮ್ಮಡಿಯಾದರೆ ಪೈಪು ಬಾಗದೆ ನಿಲ್ಲುವ ಗುಣವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಂದೂವರೆ ಮಿಲಿಮೀಟರಿನ ಪೈಪಿಗೆ ಕಪ್ಪು ಬಣ್ಣ ಬಳಿದು ಸ್ಲೈಡರ್ ಎಂದು ಮಾರುವವರೂ ಇರುವುದರಿಂದ ಈ ಅಳತೆಯನ್ನು ಬಿಡಬಾರದು.

ಬೋಲ್ಟುಗಳು ಜೊತೆಗೇ ಬಂದವು, ಆದರೆ ಒಂದನ್ನೂ ಮತ್ತೆ ಬಳಸಲಿಲ್ಲ. ಒಮ್ಮೆ ಅತಿಯಾಗಿ ಬಿಗಿದು ಎಳೆದುಕೊಂಡ ಬೋಲ್ಟನ್ನು ನೋಟದಿಂದ ಗುರುತಿಸುವುದು ಕಷ್ಟ. ತಲೆಯ ಮೇಲೆ 10.9 ಎಂಬ ಬಲದ ದರ್ಜೆ ಅಚ್ಚಾದ, 12 ಮಿಲಿಮೀಟರ್ ದಪ್ಪದ ಹೊಸ ಎಂ12 ಬೋಲ್ಟು, ಅದಕ್ಕೆ ತಕ್ಕ ನಟ್ಟು, ದಪ್ಪ ವಾಷರುಗಳನ್ನು ತಂದೆ. ಪೆಟ್ಟಿಗೆಯಾಕಾರದ ಚಾಸಿಸ್‌ನ ಆಚೆಯಿಂದ ಈಚೆಗೆ ಬೋಲ್ಟು ತೂರಿಸಿ ಬಿಗಿದರೆ ಗೋಡೆಗಳು ಒಳಕ್ಕೆ ಕುಗ್ಗುತ್ತವೆ. ಹಾಗಾಗದಂತೆ ಒಳಗೆ ಬೋಲ್ಟಿನ ಸುತ್ತ ಗಟ್ಟಿ ಪೈಪಿನ ತುಂಡೊಂದು ಇರಬೇಕು. ನನ್ನ ಸ್ಲೈಡರು ಚಾಸಿಸ್ ಅನ್ನು ಎರಡು ಪ್ಲೇಟುಗಳ ನಡುವೆ ಹಿಡಿಯುವ ಬಗೆಯದಾದ್ದರಿಂದ ಆ ಕೆಲಸ ತಪ್ಪಿತು.

ಹಳೆಯ ಸ್ಟೆಪ್‌ಗಳನ್ನು ಕಳಚುವುದಕ್ಕೇ ಅರ್ಧ ದಿನ ಹಿಡಿಯಿತು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದರೂ ಒಂದು ಬೋಲ್ಟು ಮುರಿಯಿತು. ತಗಡಿನಲ್ಲಿ ತೆರವಾದ ರಂಧ್ರಗಳಿಗೆ ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ಹಾಕಿದೆ, ಇಲ್ಲದಿದ್ದರೆ ಅಲ್ಲಿಂದಲೇ ಸಿಲ್ಲಿನೊಳಕ್ಕೆ ಕೆಸರು ಸೇರುತ್ತದೆ. ಸ್ಲೈಡರುಗಳನ್ನು ಲೋಹ ಕಾಣುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಹೊಡೆದು, ಮೇಲೆ ಸಾಮಾನ್ಯ ಕಪ್ಪು ಬಣ್ಣ ಬಳಿದೆ. ಮತ್ತೆ ಪೌಡರ್ ಕೋಟಿಂಗ್ ಮಾಡಿಸಲಿಲ್ಲ, ಏಕೆಂದರೆ ಗೀರು ಬಿದ್ದ ಕಡೆ ಬ್ರಷ್ಷಿನಿಂದ ತೇಪೆ ಹಚ್ಚಲು ಈ ಬಣ್ಣವೇ ಸುಲಭ. ಚಾಸಿಸ್‌ನಲ್ಲಿ ಪ್ಲೇಟು ಕೂರುವ ಜಾಗದ ಸಡಿಲ ತುಕ್ಕನ್ನೂ ದಪ್ಪ ಬಣ್ಣವನ್ನೂ ತೆಗೆದು ತೆಳುವಾಗಿ ಪ್ರೈಮರ್ ಮಾತ್ರ ಹಚ್ಚಿದೆ. ದಪ್ಪ ಬಣ್ಣದ ಮೇಲೆ ಬಿಗಿದ ಬೋಲ್ಟು ಆ ಬಣ್ಣ ಹಿಂಡಿಹೋದಂತೆ ಸಡಿಲವಾಗುತ್ತದೆ.

ಕೂಡಿಸುವ ದಿನ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಟ್ಟೆ ಕೊಟ್ಟೆ. ಒಂದೊಂದು ಸ್ಲೈಡರೂ 25 ಕಿಲೋ ತೂಗುತ್ತಿತ್ತು. ಅದರ ನಡುಭಾಗವನ್ನು ಗಾಲಿಯ ಜಾಕಿನ ಮೇಲಿಟ್ಟು ಎತ್ತುವಾಗ ಗೆಳೆಯರೊಬ್ಬರು ತುದಿ ಹಿಡಿದಿದ್ದರು. ಎತ್ತುವ ಮೊದಲೇ ಚಾಸಿಸ್‌ನ ಬದಿಯಲ್ಲಿ ಹಾದುಹೋಗುವ ಬ್ರೇಕಿನ ಕೊಳವೆ, ಇಂಧನದ ಕೊಳವೆ, ವೈರುಗಳು ಪ್ಲೇಟಿನಡಿ ಸಿಕ್ಕುವುದಿಲ್ಲವೆಂದು ಬೆರಳಿನಿಂದ ಸವರಿ ಖಾತ್ರಿ ಮಾಡಿಕೊಂಡಿದ್ದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಸಡಿಲವಾಗಿ ಬಿಟ್ಟು, ಪೈಪಿಗೂ ಸಿಲ್ಲಿಗೂ ನಡುವೆ 20 ಮಿಲಿಮೀಟರ್ ದಪ್ಪದ ಹಲಗೆಯ ತುಂಡನ್ನು ಇಟ್ಟೆ. ಕ್ಯಾಬಿನ್ನು ರಬ್ಬರ್ ಗದ್ದುಗೆಗಳ ಮೇಲೆ ಕೂತಿರುವುದರಿಂದ ಏರುತಗ್ಗಿನಲ್ಲಿ ಅದೂ ಚಾಸಿಸ್ಸೂ ಬೇರೆಬೇರೆಯಾಗಿ ಅಲ್ಲಾಡುತ್ತವೆ. ಸಂದು ಬಿಡದಿದ್ದರೆ ಸ್ಲೈಡರೇ ಸಿಲ್ಲನ್ನು ತಿನ್ನುತ್ತದೆ. ಮೊದಲು ನಡುವಿನ ಕಾಲು, ಆಮೇಲೆ ತುದಿಯವು ಎಂಬ ಕ್ರಮದಲ್ಲಿ ಮೂರು ಸುತ್ತುಗಳಲ್ಲಿ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಿಂದ 85 ನ್ಯೂಟನ್ ಮೀಟರಿಗೆ ನಿಲ್ಲಿಸಿದೆ. 10.9 ದರ್ಜೆಯ ಬೋಲ್ಟು ಅದಕ್ಕಿಂತ ಹೆಚ್ಚನ್ನು ತಡೆಯುತ್ತದೆ, ಆದರೆ ಚಾಸಿಸ್‌ನ ಗೋಡೆಯನ್ನು ಹಿಂಡಿ ಸಾಧಿಸುವಂಥದ್ದೇನೂ ನನಗೆ ಕಾಣಲಿಲ್ಲ.

ವೆಲ್ಡಿಂಗ್ ಮಾಡಿಸಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತಲ್ಲ ಎಂದು ಕೇಳಿದವರಿದ್ದಾರೆ. ಇರಬಹುದು. ಆದರೆ ಹೆಚ್ಚು ಬಲದ ಉಕ್ಕಿನಿಂದ ಮಾಡಿದ ಚಾಸಿಸ್‌ಗೆ ಕಾವು ತಗುಲಿದಲ್ಲಿ ಬಲ ಕುಗ್ಗುತ್ತದೆ, ಅಡ್ಡಲಾಗಿ ಹಾಕಿದ ಬೆಸುಗೆ ಬಿರುಕಿಗೆ ದಾರಿ ಮಾಡುತ್ತದೆ. ಅದನ್ನು ಬಲ್ಲವರು ಬ್ಯಾಟರಿ ಕಳಚಿ, ಇಂಧನದ ಕೊಳವೆಗಳನ್ನು ಸರಿಸಿ, ಮೂಲೆ ದುಂಡಾದ ಪ್ಲೇಟುಗಳ ಉದ್ದನೆಯ ಅಂಚುಗಳಿಗೆ ಮಾತ್ರ ಬೆಸುಗೆ ಹಾಕಬೇಕು. ನಾನು ಬಲ್ಲವನಲ್ಲ. ಅದಲ್ಲದೆ ಬೋಲ್ಟಿನದಾದರೆ ಮುಂದೊಂದು ದಿನ ಕಳಚಿ ಮಾರಬಹುದು.

ನೂರೈವತ್ತು ಕಿಲೋಮೀಟರ್ ಓಡಿಸಿದ ಮೇಲೆ ರೆಂಚು ಹಿಡಿದು ಮತ್ತೆ ನೋಡಿದಾಗ ಹನ್ನೆರಡರಲ್ಲಿ ನಾಲ್ಕು ಬೋಲ್ಟುಗಳು ಕಾಲು ಸುತ್ತು ತಿರುಗಿದವು. ಒಂದು ಸಾವಿರಕ್ಕೆ ನೋಡಿದಾಗ ಯಾವುದೂ ಕದಲಲಿಲ್ಲ. ಆಗ ತಲೆಯಿಂದ ಪ್ಲೇಟಿನವರೆಗೆ ಹಳದಿ ಬಣ್ಣದ ಗೆರೆ ಎಳೆದಿಟ್ಟೆ, ಗೆರೆ ಒಡೆದರೆ ಸಡಿಲವಾದದ್ದು ಬಗ್ಗಿ ನೋಡಿದರೆ ಸಾಕು ತಿಳಿಯುತ್ತದೆ. ಹತ್ತುವುದಕ್ಕೆ ಸ್ಲೈಡರು ಅಷ್ಟು ಅನುಕೂಲವಲ್ಲ: ಅದು ಎತ್ತರದಲ್ಲಿ ಸಿಲ್ಲಿಗೆ ಅಂಟಿದಂತಿರುತ್ತದೆ, ನಮ್ಮ ತಾಯಿಗೆ ಈಗ ಸಣ್ಣ ಮಣೆಯೊಂದನ್ನು ಕೆಳಗಿಡಬೇಕಾಗುತ್ತದೆ. ಹತ್ತಿ ಇಳಿಯಲು ಮಾತ್ರ ಬೇಕೆನ್ನುವವರು ಒಳ್ಳೆಯ ಹಳೆಯ ಸೈಡ್ ಸ್ಟೆಪ್ ಕೊಳ್ಳುವುದೇ ಸರಿ. ಎಲ್ಲ ಬ್ರಾಕೆಟ್‌ಗಳೂ ಜೊತೆಗಿವೆಯೇ ಎಂದು ಎಣಿಸಿಕೊಂಡು, ಕಾಲಿಡುವ ಪಟ್ಟಿ ಜಾರುವುದಿಲ್ಲವೆಂದು ನೋಡಿದರಾಯಿತು. ನಾನು ಮಾತ್ರ ಕೆಲಸ ಮುಗಿದ ಸಂಜೆಯೇ ಎತ್ತರದ ಜಾಕನ್ನು ಸ್ಲೈಡರಿನ ಹಿಂತುದಿಗೆ ಕೊಟ್ಟು ಹಿಂದಿನ ಚಕ್ರ ನೆಲ ಬಿಡುವವರೆಗೆ ಎತ್ತಿದೆ. ಪೈಪಿಗೂ ಸಿಲ್ಲಿಗೂ ನಡುವಿನ ಸಂದಿನಲ್ಲಿ ಹಲಗೆಯ ತುಂಡು ಇನ್ನೂ ಸಲೀಸಾಗಿ ಆಚೀಚೆ ಸರಿಯುತ್ತಿತ್ತು.