ದಿಬ್ಬಣಕ್ಕೆ ಹೋದ ಟೆಂಪೋ ಮ್ಯಾಪ್‌ನಲ್ಲಿ ಕಾಣಬಾರದು

ಕುಮಟಾ–ಹೊನ್ನಾವರ ಮಧ್ಯೆ ಓಡುವ ಟೆಂಪೋಗಳಿಗೆ ಒಂದು ಲೈವ್ ಮ್ಯಾಪ್ ಮಾಡಿಕೊಡಿ ಅಂತ ಕೆಲವು ಮಾಲೀಕರು ಕೇಳಿದ್ದರು. ಹೆಚ್ಚಿನ ಗಾಡಿಗಳಲ್ಲಿ ಜಿಪಿಎಸ್ ಆಗಲೇ ಇತ್ತು. 2019ರ ಜನವರಿ 1ರ ನಂತರ ನೋಂದಣಿಯಾದ ಸಾರ್ವಜನಿಕ ಸೇವಾ ವಾಹನಗಳಿಗೆ ಎಐಎಸ್-140 ಅನ್ನುವ ಮಾನದಂಡದ ಟ್ರ್ಯಾಕರ್, ಅಂದರೆ ಗಾಡಿ ಎಲ್ಲಿದೆ ಅಂತ ಹೇಳುವ ಸಾಧನ, ಕಡ್ಡಾಯ. ಅದು ಕಳಿಸುವ ಅಕ್ಷಾಂಶ ರೇಖಾಂಶ ತಗೊಂಡು ಮ್ಯಾಪ್ ಮೇಲೆ ಚುಕ್ಕಿ ಇಡೋದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಯಾವ ಚುಕ್ಕಿ ತೋರಿಸಬಾರದು ಅಂತ ತೀರ್ಮಾನ ಮಾಡೋದರಲ್ಲೇ ಒಂದು ಮಳೆಗಾಲ ಕಳೆಯಿತು.

ಟೆಂಪೋ ದಿನವಿಡೀ ಲೈನ್ ಮೇಲೇ ಇರುವುದಿಲ್ಲ. ಮಧ್ಯಾಹ್ನ ಗ್ಯಾರೇಜಿಗೆ ಹೋಗುತ್ತದೆ. ಮದುವೆ ಸೀಸನ್‌ನಲ್ಲಿ ದಿಬ್ಬಣದ ಬಾಡಿಗೆ ಸಿಕ್ಕರೆ ಆವತ್ತು ಲೈನ್‌ಗೆ ರಜೆ. ರಾತ್ರಿ ಡ್ರೈವರ್ ಮನೆ ಅಂಗಳದಲ್ಲಿ ನಿಲ್ಲುತ್ತದೆ. ಮೊದಲ ಮ್ಯಾಪ್ ತೋರಿಸಿದಾಗ ಹಿರಿಯ ಡ್ರೈವರ್ ಒಬ್ಬರು ತಮ್ಮ ಗಾಡಿಯ ಚುಕ್ಕಿಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, "ತಮ್ಮಾ, ನನ್ನ ಗಾಡಿ ರಾತ್ರಿ ಎಲ್ಲಿ ಮಲಗ್ತದೆ ಅಂತ ಊರಿಗೆಲ್ಲ ಯಾಕೆ ಬೇಕು ಮಾರಾಯ?" ಅಂದರು. ಸರಿಯಾದ ಪ್ರಶ್ನೆ.

ಇದಕ್ಕೆ ಜಿಯೋಫೆನ್ಸ್ ಹಾಕಬೇಕು, ಅಂದರೆ ಮ್ಯಾಪ್ ಮೇಲೆ ಒಂದು ಬೇಲಿ. ಎಲ್ಲರಿಗೂ ಮೊದಲು ಹೊಳೆಯುವುದು ಡ್ರೈವರ್ ಮನೆ ಸುತ್ತ, ಗ್ಯಾರೇಜ್ ಸುತ್ತ ಒಂದೊಂದು ವೃತ್ತ ಎಳೆದು, ಅದರೊಳಗೆ ಹೋದ ಗಾಡಿಯನ್ನು ಮರೆಮಾಡುವ ಉಪಾಯ. ನಾನು ಅದನ್ನು ಬೇಡ ಅಂದೆ. ಬೇರೆ ಬೇರೆ ದಿನ, ಬೇರೆ ಬೇರೆ ದಾರಿಯಲ್ಲಿ ಬಂದ ಚುಕ್ಕಿ ಎಲ್ಲೆಲ್ಲಿ ಮಾಯವಾಯಿತು ಅಂತ ಮೂರು ಕಡೆ ಗುರುತು ಹಾಕಿಕೊಂಡರೆ ಸಾಕು, ವೃತ್ತ ಸಿಗುತ್ತದೆ. ಹೈಸ್ಕೂಲಿನ ರೇಖಾಗಣಿತ. ವೃತ್ತ ಸಿಕ್ಕರೆ ಅದರ ಕೇಂದ್ರವೂ ಸಿಕ್ಕಿತು, ಅಲ್ಲೇ ಮನೆ. ಅದಲ್ಲದೆ ಯಾರ ಮನೆ ಎಲ್ಲಿದೆ ಅನ್ನುವ ಪಟ್ಟಿಯನ್ನು ನನ್ನ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವ ಉಸಾಬರಿ ಬೇರೆ. ಡ್ರೈವರ್ ಬದಲಾದರೆ ಪಟ್ಟಿಯೂ ಹಳತಾಗುತ್ತದೆ.

ಹಾಗಾಗಿ ತಿರುಗಿಸಿಬಿಟ್ಟೆ. ಎಲ್ಲವೂ ಮರೆ, ರಸ್ತೆಯ ಪಟ್ಟಿಯೊಳಗೆ, ಅಂದರೆ ರಸ್ತೆಗುಂಟ ಎಳೆದ ಉದ್ದನೆಯ ಬೇಲಿಯೊಳಗೆ, ಇದ್ದರೆ ಮಾತ್ರ ಕಾಣಬೇಕು. ಹಂದಿಗೋಣ, ಧಾರೇಶ್ವರ, ಹಳದೀಪುರ, ಕರ್ಕಿ ದಾಟಿ ಹೊನ್ನಾವರದವರೆಗೆ ಹೆದ್ದಾರಿಯ ಗೆರೆ ಎಳೆದು, ಎರಡೂ ಬದಿಗೆ 60 ಮೀಟರ್ ಬಿಟ್ಟೆ. ಎರಡು ಕಡೆಯ ಸ್ಟ್ಯಾಂಡುಗಳ ಆಕಾರವನ್ನು ಮಾತ್ರ ಕೈಯಲ್ಲೇ ಬಿಡಿಸಿದೆ. ಪೋಸ್ಟ್‌ಜಿಐಎಸ್ (ಜಾಗದ ಮಾಹಿತಿ ಇಡುವ ಡೇಟಾಬೇಸ್ ತಂತ್ರಾಂಶ) ಬಳಸುವವರು ಈ ಪಟ್ಟಿಯನ್ನು ಜಿಯಾಗ್ರಫಿ ಮಾದರಿಯಲ್ಲೇ ಮಾಡಿ, ಆಗ ಅಳತೆ ಮೀಟರ್‌ನಲ್ಲಿ ಇರುತ್ತದೆ. ಡಿಗ್ರಿಯಲ್ಲಿ ಮಾಡಿದರೆ ಲೆಕ್ಕ ಓರೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ 0.001 ಡಿಗ್ರಿ ಅಂದರೆ ಉತ್ತರ–ದಕ್ಷಿಣ ಸುಮಾರು 110 ಮೀಟರ್, ಪೂರ್ವ–ಪಶ್ಚಿಮ ಸುಮಾರು 108. ಇನ್ನೊಂದು, ಮ್ಯಾಪ್ ಮಾಹಿತಿ ಬರೆದಿಡುವ ಮಾದರಿಯಾದ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಹೊನ್ನಾವರದ ಟೆಂಪೋ ನಾರ್ವೆಗೂ ಸ್ವಾಲ್ಬಾರ್ಡ್‌ಗೂ ಮಧ್ಯದ ಸಮುದ್ರದಲ್ಲಿ ತೇಲುತ್ತದೆ.

ಒಂದು ಚುಕ್ಕಿ ಬೇಲಿಯ ಒಳಗಿದೆಯಾ ಹೊರಗಿದೆಯಾ ಅಂತ ನೋಡುವುದು ಕಷ್ಟವಲ್ಲ. ಚುಕ್ಕಿಯಿಂದ ಒಂದೇ ದಿಕ್ಕಿಗೆ ಗೆರೆ ಎಳೆದು, ಅದು ಬೇಲಿಯನ್ನು ಎಷ್ಟು ಸಲ ದಾಟಿತು ಅಂತ ಎಣಿಸಬೇಕು. ಬೆಸ ಸಂಖ್ಯೆ ಬಂದರೆ ಒಳಗೆ. ಲೈಬ್ರರಿಗಳು ಇದನ್ನು ಮಾಡಿಕೊಡುತ್ತವೆ. ತಲೆನೋವು ಇರುವುದು ಅಂಚಿನಲ್ಲಿ. ತೆಂಗಿನ ತೋಟದ ನೆರಳಲ್ಲಿ, ತಗಡಿನ ಶೆಡ್ ಕೆಳಗೆ ಸುಮ್ನೆ ನಿಂತ ಗಾಡಿಯ ಜಿಪಿಎಸ್ ಕೂಡ ಅತ್ತಿತ್ತ ಓಲಾಡುತ್ತದೆ. ಬೇಲಿ ಪಕ್ಕದಲ್ಲೇ ನಿಂತಿದ್ದರೆ ಚುಕ್ಕಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದಕ್ಕೇ ಎರಡು ಗೆರೆ ಇಟ್ಟೆ. ಕಾಣಿಸಿಕೊಳ್ಳಲು 60 ಮೀಟರ್ ಒಳಗೆ ಬರಬೇಕು. ಮರೆಯಾಗಲು 100 ಮೀಟರ್ ಆಚೆ ಹೋಗಬೇಕು, ಅದೂ ಟ್ರ್ಯಾಕರ್ ಸತತ ಮೂರು ಸಲ ಹಾಗೇ ಹೇಳಬೇಕು.

ಇಷ್ಟಾದರೂ ದಿಬ್ಬಣದ ಸಮಸ್ಯೆ ಬಗೆಹರಿಯಲಿಲ್ಲ. ಮದುವೆ ಹಾಲ್‌ಗಳು ಹೆದ್ದಾರಿ ಪಕ್ಕದಲ್ಲೂ ಇವೆ. ದಿಬ್ಬಣದ ಗಾಡಿಯೂ ಅದೇ ಹೆದ್ದಾರಿಯಲ್ಲೇ ಹೋಗಬೇಕು. ಪಟ್ಟಿಯ ಲೆಕ್ಕದಲ್ಲಿ ಅದು ಲೈನ್ ಗಾಡಿಯೇ. ಡ್ರೈವರ್ ಕೈಯಲ್ಲಿ ಒಂದು ಬಟನ್ ಕೊಡಿ, ಟ್ರಿಪ್ ಶುರುವಾದಾಗ ಒತ್ತಲಿ ಅಂದವರಿದ್ದರು. ಸೀಟು ತುಂಬಿಸಿಕೊಂಡು, ಚಿಲ್ಲರೆ ಎಣಿಸಿಕೊಂಡು ಗಾಡಿ ಎತ್ತುವ ಹೊತ್ತಿಗೆ ಯಾರು ಬಟನ್ ಒತ್ತುತ್ತಾರೆ?

ಬಟನ್ ಬದಲು ಸ್ಟ್ಯಾಂಡಿನ ಬೇಲಿಯನ್ನೇ ಬಳಸಿದೆ. ಸ್ಟ್ಯಾಂಡ್ ಒಳಗೆ ಒಂದಷ್ಟು ಹೊತ್ತು ನಿಂತು ಹೊರಬಿದ್ದರೆ ಟ್ರಿಪ್ ಶುರು. ಆಚೆ ಕಡೆಯ ಸ್ಟ್ಯಾಂಡ್ ಹೊಕ್ಕರೆ ಮುಗಿಯಿತು. ನಡುವೆ ಪಟ್ಟಿ ಬಿಟ್ಟು ಒಳರಸ್ತೆಗೆ ತಿರುಗಿದರೆ ಟ್ರಿಪ್ ರದ್ದು. ಆಮೇಲೆ ಹೆದ್ದಾರಿಗೆ ವಾಪಸ್ ಬಂದರೂ, ಯಾವುದಾದರೂ ಸ್ಟ್ಯಾಂಡ್ ಮುಟ್ಟುವವರೆಗೆ ಅದು ಮ್ಯಾಪ್‌ನಲ್ಲಿ ಇಲ್ಲ. ದಿಬ್ಬಣದ ಟೆಂಪೋ ಹೊರಡುವುದು ಮದುವೆ ಮನೆಯಿಂದ, ಸ್ಟ್ಯಾಂಡಿನಿಂದ ಅಲ್ವಲ್ಲ. ಜನ ಇಲ್ಲ ಅಂತ ಹಳದೀಪುರದಲ್ಲೇ ತಿರುಗಿಸುವ ಗಾಡಿ ಪಟ್ಟಿಯೊಳಗೇ ಇರುವುದರಿಂದ ಅದು ಕಾಣುತ್ತದೆ, ಬಾಣದ ದಿಕ್ಕು ಮಾತ್ರ ಬದಲಾಗುತ್ತದೆ.

ಇದರಿಂದ ಕೆಲವೊಮ್ಮೆ ನಿಜವಾದ ಲೈನ್ ಗಾಡಿಯೂ ಮರೆಯಾಗುತ್ತದೆ. "ಟೆಂಪೋ ಬಂತು, ಮ್ಯಾಪ್‌ನಲ್ಲಿ ಇರಲೇ ಇಲ್ಲ" ಅಂತ ದೂರು ಬರುತ್ತದೆ. ಇರಲಿ. ಕಾಣದ ಟೆಂಪೋ ಎದುರಿಗೆ ಬಂದು ನಿಂತರೆ ಯಾರಿಗೂ ನಷ್ಟವಿಲ್ಲ. ಕಾಣುವ ಟೆಂಪೋ ಬರದಿದ್ದರೆ ಕರ್ಕಿ ಸ್ಟಾಪಿನಲ್ಲಿ ಯಾರೋ ಅಜ್ಜಿ ಮಳೆಯಲ್ಲಿ ನಿಂತೇ ಇರುತ್ತಾರೆ.

ಟ್ರ್ಯಾಕರ್ ಬಗ್ಗೆ ಒಂದು ಮಾತು. ನೆಟ್‌ವರ್ಕ್ ಇಲ್ಲದಾಗ ಅದು ಮಾಹಿತಿ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ಪ್ರತಿ ಪ್ಯಾಕೆಟ್‌ನಲ್ಲೂ ಅದು ಲೈವಾ ಹಳೆಯದಾ ಅಂತ ಗುರುತು ಇರುತ್ತದೆ. ಹಳೆಯದನ್ನು ಮ್ಯಾಪ್‌ಗೆ ಬಿಡಲೇಬೇಡಿ, ಟೆಂಪೋ ಹಿಂದಕ್ಕೆ ಹಾರಿದಂತೆ ಕಾಣುತ್ತದೆ. ಬಸ್ ಮಾಹಿತಿ ಹಂಚಲು ಜಗತ್ತೆಲ್ಲ ಬಳಸುವ ಜಿಟಿಎಫ್‌ಎಸ್ ರಿಯಲ್‌ಟೈಮ್‌ನ ಸಲಹೆಯಂತೆ ವಾಹನದ ಸ್ಥಾನ 90 ಸೆಕೆಂಡಿಗಿಂತ ಹಳೆಯದಿರಬಾರದು. ನಾನೂ ಅದನ್ನೇ ಇಟ್ಟುಕೊಂಡೆ.

ಈ ಸೋಸುವ ಕೆಲಸವೆಲ್ಲ ಸರ್ವರ್‌ನಲ್ಲೇ ಆಗಬೇಕು. ಬ್ರೌಸರ್‌ಗೆ ಎಲ್ಲ ಚುಕ್ಕಿ ಕಳಿಸಿ ಅಲ್ಲಿ ಮರೆಮಾಡಿದರೆ, ಸ್ವಲ್ಪ ಗೊತ್ತಿರುವ ಹುಡುಗ ಯಾರಾದರೂ ಎರಡು ಕ್ಲಿಕ್‌ನಲ್ಲಿ ಎಲ್ಲವನ್ನೂ ನೋಡುತ್ತಾನೆ. ಗಾಡಿ ನಂಬರ್ ಕೂಡ ಹೊರಗೆ ಬಿಡುವುದಿಲ್ಲ, ಟ್ರಿಪ್‌ಗೊಂದು ಹೊಸ ಗುರುತು.

ಲೈನ್ ಅಂಕೋಲಾ ಕಡೆಗೆ ಬೆಳೆದಾಗ ಶಿರೂರು ನೆನಪಾಯಿತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ಗಾಡಿಗಳು ಬೇರೆ ದಾರಿ ಹಿಡಿದರೆ ನನ್ನ ಪಟ್ಟಿ ಎಲ್ಲವನ್ನೂ ಮರೆಮಾಡಿಬಿಡುತ್ತದೆ. ಜನರಿಗೆ ಮ್ಯಾಪ್ ಜಾಸ್ತಿ ಬೇಕಾಗುವುದೇ ಆಗ. ಹಾಗಾಗಿ ಬದಲಿ ದಾರಿಗಳ ಪಟ್ಟಿಯನ್ನೂ ಬಿಡಿಸಿ, ಆಫ್ ಮಾಡಿ ಇಟ್ಟಿದ್ದೇನೆ. ಸ್ಟ್ಯಾಂಡಿನ ಏಜೆಂಟ್ ಫೋನ್ ಮಾಡಿದರೆ ಆನ್. ಕೊನೆಯ ದಿನಾಂಕ ಹಾಕದೆ ಆನ್ ಮಾಡಲು ಬರುವುದಿಲ್ಲ, ಇಲ್ಲದಿದ್ದರೆ ಮುಂದಿನ ಮಳೆಗಾಲದವರೆಗೂ ಹಾಗೇ ಉಳಿಯುತ್ತದೆ.

ಕಾರವಾರದವರೆಗೆ ಹೋದರೆ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಹೆದ್ದಾರಿಗೆ ತಾಗಿಕೊಂಡೇ ಇದೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ಬಿಟ್ಟ ಓಟದ ಮ್ಯಾಪ್‌ನಲ್ಲಿ ಸೇನಾ ನೆಲೆಗಳೇ ಬೆಳಗಿದ್ದು 2018ರ ಜನವರಿಯಲ್ಲಿ ಸುದ್ದಿಯಾಗಿತ್ತು. ನೆಲೆಯ ಸುತ್ತ ಬೇಲಿ ಹಾಕಬೇಕಾ ಅಂತ ಒಬ್ಬರು ಕೇಳಿದರು. ಬೇಡ. ನಮ್ಮ ಮ್ಯಾಪ್‌ನಲ್ಲಿ ಹೆದ್ದಾರಿ ಬಿಟ್ಟು ಬೇರೆ ಏನೂ ಇಲ್ಲ.

ಸದ್ಯ ತಲೆ ತಿನ್ನುತ್ತಿರುವುದು ಮಾದನಗೇರಿಯಿಂದ ಗೋಕರ್ಣಕ್ಕೆ ತಿರುಗುವ ಗಾಡಿಗಳು. ಪಟ್ಟಿ ಬಿಡಿಸಿದ್ದಾಯಿತು, ಗೋಕರ್ಣದ ಸ್ಟ್ಯಾಂಡಿಗೂ ಬೇಲಿ ಹಾಕಿದ್ದಾಯಿತು. ಆಗ ಏಜೆಂಟ್ ನೆನಪಿಸಿದರು, ಶಿವರಾತ್ರಿ ರಶ್ಶಿನಲ್ಲಿ ಗಾಡಿಗಳು ಸ್ಟ್ಯಾಂಡಿನವರೆಗೆ ಹೋಗೋದೇ ಇಲ್ಲ, ಊರ ಹೊರಗೇ ನಿಲ್ಲುತ್ತವೆ ಅಂತ. ಇನ್ನು ಸ್ಟ್ಯಾಂಡಿನ ಬೇಲಿಗೂ ದಿನಾಂಕ ಸೇರಿಸಬೇಕು.