ಅಪ್ಪ-ಮಗನ ‘ಭಾಗ 2’: ಮಲೆನಾಡ ಮಳೆಯಲ್ಲಿ ಫೈಟ್ ತೆಗೆಯುವ ಕ್ರಮ

ಮುನಿಸಿಕೊಂಡ ಅಪ್ಪ-ಮಗನ ಕತೆಗೆ ಎರಡನೇ ಭಾಗ ಬರೆಯುವವರು ಸಾಮಾನ್ಯವಾಗಿ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಹಳೇ ಬಾಕಿಯನ್ನೆಲ್ಲ ಮಾತಲ್ಲೇ ಚುಕ್ತಾ ಮಾಡಿಸಿಬಿಡುತ್ತಾರೆ. ಆಮೇಲೆ ಫೈಟಿಗೆ ಕೆಲಸವೇನು ಉಳಿಯಿತು? ಮಾತು ಬಿಟ್ಟವರು ಹೊಡೆದಾಟದಲ್ಲೇ ಮಾತಾಡಬೇಕು.

ಮೊದಲ ಭಾಗದಿಂದ ಅಪ್ಪನ ಒಂದೇ ಒಂದು ಪಟ್ಟು ಆರಿಸಿ. ಎಡಗೈಯಲ್ಲಿ ಮಣಿಕಟ್ಟು ತಿರುಚಿ ಬಲ ಮೊಣಕೈಯಿಂದ ತಿವಿಯುವುದು, ಅಷ್ಟು ಸಾಕು. ಕ್ಲೈಮ್ಯಾಕ್ಸಲ್ಲಿ ಮಗ ತನಗರಿವಿಲ್ಲದೆ ಅದನ್ನೇ ಹಾಕಲಿ, ಅಪ್ಪ ನೋಡಲಿ. ಆ ನೋಟಕ್ಕೆ ಎರಡು ಸೆಕೆಂಡು, ಅಂದರೆ 48 ಫ್ರೇಮು ಬಿಡಿ. ಎಡಿಟರ್ ಮೊದಲು ಕತ್ತರಿ ಹಾಕುವುದೇ ಅದಕ್ಕೆ. ಹೊಸ ಪ್ರೇಕ್ಷಕರಿಗಾಗಿ ಇಂಟರ್ವಲ್‌ಗೆ ಮುಂಚೆ ಅಪ್ಪ ಆ ಪಟ್ಟನ್ನು ಒಮ್ಮೆ ಹಾಕಿ ತೋರಿಸಿರಬೇಕು. ಅಪ್ಪ ಬಿಟ್ಟುಹೋದ ಕತ್ತಿಕೊಕ್ಕೆ ಮಗನ ಸೊಂಟದಲ್ಲಿದ್ದರೆ ಒಂದು ಪುಟ ಸಂಭಾಷಣೆ ಉಳಿಯುತ್ತದೆ. ಕೊಕ್ಕೆಯಲ್ಲಿ ತೂಗುವ ಕತ್ತಿ ಮಾತ್ರ ರಬ್ಬರಿನದಿರಲಿ.

ಫೈಟಿಗೆ ಜಾಗ ಮನೆಯ ಅಂಗಳ. ಅಡಿಕೆ ಕೊಯ್ಲಲ್ಲಿ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ, ಯಾರೂ ಕೊಡುವುದಿಲ್ಲ. ಮಳೆಗಾಲದಲ್ಲಿ ಅಂಗಳ ಖಾಲಿ, ಆದರೆ ಪಾಚಿ. ಎರಡು ದಿನ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯಿರಿ. ನಟರು ಬೀಳುವ ಜಾಗದಲ್ಲಿ ಬೆಡ್ ಹಾಕಿ ಮೇಲೆ ಅಡಿಕೆ ಸೋಗೆ (ಗರಿ) ಮುಚ್ಚಿ. ಅಂಗಳದಲ್ಲಿ ಸೋಗೆ ಹಾಸುವುದು ಇಲ್ಲಿನ ಮನೆಗಳ ರೂಢಿಯೇ, ಯಾರಿಗೂ ಅನುಮಾನ ಬರದು.

ಇನ್ನು ಮಳೆ. ಆಗುಂಬೆಯ ಮಳೆ ನಿಮ್ಮ ‘ಆ್ಯಕ್ಷನ್’ಗೆ ಕಾಯುವುದಿಲ್ಲ, ಒಂದು ಶಾಟಿಗೆ ಸುರಿದು ಮುಂದಿನದಕ್ಕೆ ಹೊಳವಾಗುತ್ತದೆ. ದೂರದ ಶಾಟ್ ನಿಜ ಮಳೆಯಲ್ಲಿ, ಹತ್ತಿರದ್ದೆಲ್ಲ ತೋಟದ ಸ್ಪ್ರಿಂಕ್ಲರ್ ಜೆಟ್‌ನಲ್ಲಿ ತೆಗೆಯಿರಿ. ಜೆಟ್ಟನ್ನು 12-15 ಅಡಿ ಎತ್ತರಕ್ಕೆ ಕಟ್ಟಿ ನೀರನ್ನು ಮೇಲಕ್ಕೆ ಚಿಮ್ಮಿಸಿ, ಹನಿ ತಾನಾಗಿ ಇಳಿಯಲಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧ) ಹೊಡೆದ ಡ್ರಮ್ಮು, ಪೈಪು ಖಂಡಿತ ಬೇಡ. ಮೈಲುತುತ್ತದ ನೀರು ನಟರ ಕಣ್ಣಿಗೆ ಬಿದ್ದರೆ ಶೂಟಿಂಗ್ ಅಲ್ಲಿಗೇ ನಿಂತಿತು. ಲೈಟು ನಟರ ಹಿಂದಿನಿಂದ ಬೀಳಬೇಕು. ಮುಂದಿನಿಂದ ಬಿಟ್ಟರೆ ಎಷ್ಟೇ ಸುರಿದರೂ ಪರದೆಯಲ್ಲಿ ಮಳೆ ಕಾಣುವುದಿಲ್ಲ, ನೆನೆದ ಬಟ್ಟೆಯಷ್ಟೇ ಕಾಣುತ್ತದೆ. ಜನರೇಟರ್ ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ನೀರು ಬಿಡಲೇಬೇಡಿ.

ಗುದ್ದು ಮುಖದಿಂದ ಒಂದು ಗೇಣು ದೂರ ಹಾದರೆ ಸಾಕು, ಕ್ಯಾಮೆರಾ ಹೊಡೆಸಿಕೊಳ್ಳುವವನ ಬೆನ್ನ ಹಿಂದಿದ್ದರೆ ತಾಗಿದಂತೆಯೇ ಕಾಣುತ್ತದೆ. ಪಕ್ಕದಲ್ಲಿಟ್ಟರೆ ಗುಟ್ಟು ರಟ್ಟು.

ರಕ್ತಕ್ಕೆ ಒಂದು ಲೋಟ ಜೋನಿಬೆಲ್ಲ, ಎರಡು ಚಮಚ ನೀರು, ಅರ್ಧ ಚಮಚ ಕೆಂಪು ಫುಡ್ ಕಲರ್. ನೀರು ಹೆಚ್ಚಾದರೆ ಮಳೆಗೆ ಕ್ಷಣದಲ್ಲಿ ತೊಳೆದುಹೋಗುತ್ತದೆ. ಇರುವೆ ಮುತ್ತುವುದಂತೂ ಖಚಿತ, ಟೇಕ್ ಮುಗಿದ ಕೂಡಲೇ ಒರೆಸಿ. ಒಬ್ಬೊಬ್ಬರಿಗೂ ಒಂದೇ ಬಣ್ಣದ ನಾಲ್ಕು ಅಂಗಿ ಬೇಕು. ಕಂಬಳಿಕೊಪ್ಪೆ ನೋಡಲು ಚೆಂದ, ಆದರೆ ನೆನೆದರೆ ಅದನ್ನು ಹೊತ್ತು ಒದೆಯಲು ಕಾಲೇ ಏಳದು. ಹೊಡೆತ ಶುರುವಾಗುವ ಮುನ್ನ ಕಳಚಿ ಎಸೆಯುವಂತೆ ದೃಶ್ಯ ಬರೆಯಿರಿ.

ತಗಡಿನ ಮಾಡಿನ ಕೆಳಗೆ ಸ್ಥಳದ ಧ್ವನಿ ಏನೂ ಉಳಿಯುವುದಿಲ್ಲ. ಇಬ್ಬರ ಏದುಸಿರನ್ನು ಅದೇ ದಿನ, ಸುಸ್ತು ಆರುವ ಮುನ್ನ, ಕಾರಿನೊಳಗೆ ಕೂರಿಸಿ ರೆಕಾರ್ಡ್ ಮಾಡಿಕೊಳ್ಳಿ.