ವೀಲ್‌ಚೇರ್ ಜೊತೆ ಪೊಲೊನೆಜ್: ಮಕ್ಕಳಿಗೆ ಕುಣಿತ ಕಲಿಸಿದ ನನ್ನ ಅನುಭವ

ಕ್ರಾಕೋವ್‌ನಲ್ಲಿ ನಾನು ಮಕ್ಕಳಿಗೆ ಪೋಲೆಂಡಿನ ಜನಪದ ಕುಣಿತ ಕಲಿಸುತ್ತೇನೆ. ವೀಲ್‌ಚೇರ್‌ನಲ್ಲಿ ಬರುವವರು, ಕಿವಿ ಕೇಳಿಸದವರು, ಆಟಿಸಂ ಇರುವವರು, ಇದ್ಯಾವುದೂ ಇಲ್ಲದವರು, ಎಲ್ಲ ಒಂದೇ ಗುಂಪು. ಕ್ರಾಕೋವ್ ಅಂದಮೇಲೆ ಈ ಊರಿನದೇ ಕುಣಿತ ಕ್ರಾಕೋವ್ಯಾಕ್‌ನಿಂದಲೇ ಶುರು ಅಲ್ವಾ ಅಂತ ಕೇಳುತ್ತಾರೆ. ಇಲ್ಲ. ಅದು 2/4 ತಾಳದ್ದು, ನೆಗೆತ ಜಾಸ್ತಿ. ನಾನು ಹಿಡಿಯುವುದು ಪೊಲೊನೆಜ್.

ಜೋಡಿ ಜೋಡಿಯಾಗಿ ಸಾಲಲ್ಲಿ ನಡೆಯುವ ಕುಣಿತ ಅದು, 3/4 ತಾಳ. ಮತೂರಾ ಅನ್ನುವ ಹೈಸ್ಕೂಲ್ ಕೊನೆಯ ಪರೀಕ್ಷೆಗೆ ಸುಮಾರು ನೂರು ದಿನ ಮುಂಚೆ ಹೈಸ್ಕೂಲ್ ಮಕ್ಕಳ ದೊಡ್ಡ ಪಾರ್ಟಿ ಶುರುವಾಗುವುದೇ ಇದರಿಂದ. ಹಾಗಾಗಿ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತು, ಮನೆಯಲ್ಲೇ ಅಭ್ಯಾಸ ಮಾಡಿಸುತ್ತಾರೆ. 2023ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು.

ವೀಲ್‌ಚೇರ್‌ಗೆ ಇದು ಹೇಳಿ ಮಾಡಿಸಿದ ತಾಳ. ಒಂದಕ್ಕೆ ಚಕ್ರ ತಳ್ಳು, ಎರಡು ಮೂರಕ್ಕೆ ಹಾಗೇ ಉರುಳಲಿ ಬಿಡು. ಪಕ್ಕದ ಮಗು ಮಂಡಿ ಸ್ವಲ್ಪ ಬಗ್ಗಿಸಿ ನಡೆಯುತ್ತಾ ಬರುತ್ತೆ, ಇಬ್ಬರದ್ದೂ ಒಂದೇ ಲಯ. ಆದರೆ ಎರಡೂ ಕೈ ಚಕ್ರದ ಮೇಲಿದ್ದರೆ ಜೋಡಿಯ ಕೈ ಹಿಡಿಯುವುದು ಹೇಗೆ? ಜೊತೆಗಾರರು ಕುರ್ಚಿಯ ಹಿಂದಿನ ಹಿಡಿ ಮೇಲೆ ಕೈ ಇಡುತ್ತಾರೆ. ಇಡೋದು ಅಷ್ಟೇ, ತಳ್ಳೋ ಹಾಗಿಲ್ಲ. ಈ ಒಂದು ನಿಯಮ ಕಲಿಸುವುದಕ್ಕೆ ಹೆಜ್ಜೆ ಕಲಿಸುವುದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತೆ, ಯಾಕೆಂದರೆ ಸಹಾಯ ಮಾಡಬೇಕು ಅಂತ ಮಕ್ಕಳ ತಲೆಗೆ ನಾವೇ ತುಂಬಿರುತ್ತೇವೆ. ಇನ್ನು ಕಮಾನು ಮಾಡುವ ಸರದಿ. ಕೂತ ಹುಡುಗಿ, ನಿಂತ ಹುಡುಗ ಉದ್ದನೆಯ ಕರವಸ್ತ್ರ ಎತ್ತಿ ಹಿಡಿದರೆ ಕಮಾನು ಓರೆಯಾಗುತ್ತೆ, ಒಂದು ಕಡೆ ತೀರಾ ಕೆಳಗೆ. ಆ ಕಡೆಯವರು ನಡು ಬಗ್ಗಿಸಿ, ಕೆಲವರು ನೆಲಕ್ಕೆ ಅಂಗೈ ಊರಿ ನುಸುಳುತ್ತಾರೆ, ನಗುವೋ ನಗು. ಅದನ್ನು ಸರಿ ಮಾಡುವ ಗೋಜಿಗೆ ನಾನು ಹೋಗಿಲ್ಲ.

ಆಮೇಲೆ ದಕ್ಷಿಣ ಪೋಲೆಂಡಿನ ಸೈಲೀಶಿಯಾ ಕಡೆಯ ತ್ರೋಯಾಕ್. ಮೂರು ಮೂರು ಜನ ಕುಣಿಯುವುದು, ಮೊದಲು ನಿಧಾನ, ಆಮೇಲೆ ಜೋರು. ಹೆಜ್ಜೆ ಮರೆಯುವ ಮಗು ನಡುವೆ ನಿಂತರೆ ಎರಡೂ ಕಡೆ ನೋಡಿಕೊಳ್ಳಬಹುದು. ಕಿವಿ ಕೇಳಿಸದವರಿಗೆ ದೊಡ್ಡ ಡೋಲನ್ನು ಮರದ ನೆಲದ ಮೇಲೇ ಇಟ್ಟು ಬಾರಿಸುತ್ತೇವೆ, ಪೆಟ್ಟು ಅಂಗಾಲಿಗೆ ತಿಳಿಯುತ್ತೆ. ವೇಗ ಬದಲಾಗುವ ಮುಂಚೆ ನಾನು ಕೆಂಪು ವಸ್ತ್ರ ಎತ್ತುತ್ತೇನೆ.

ಬಟ್ಟೆ ಬಗ್ಗೆ ಒಂದೆರಡು ಮಾತು. ತಲೆಯ ಹೂಮಾಲೆಯಿಂದ ಇಳಿಬಿಡುವ ರಿಬ್ಬನ್ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ, ಗಿಡ್ಡ ಮಾಡಿ. ಮಿಣುಕು ಹೊಲಿದ ವೇಸ್ಟ್‌ಕೋಟ್ ಚುಚ್ಚುತ್ತೆ ಅಂತ ಕೆಲವು ಮಕ್ಕಳು ಅಳುತ್ತಾರೆ, ಅವರಿಗೆ ಹತ್ತಿ ಅಂಗಿ ಸಾಕು. ಹಿತ್ತಾಳೆ ಬಳೆ ಪೋಣಿಸಿದ ಬೆಲ್ಟ್ ಮಾತ್ರ ಎಲ್ಲರಿಗೂ ಬೇಕು, ಗೆಜ್ಜೆಯ ಹಾಗೆ ಝಲ್ ಅನ್ನುತ್ತಲ್ಲ! ಕ್ರಾಕೋವ್ಯಾಕ್‌ನಲ್ಲಿ ಕಾಲು ತಟ್ಟಲಾಗದವರು ಅದನ್ನೇ ಅಲ್ಲಾಡಿಸಿ ತಾಳ ಹಾಕುತ್ತಾರೆ.

ಒಂದು ಕಾರ್ಯಕ್ರಮದವರು ವೀಲ್‌ಚೇರ್ ಮಕ್ಕಳು ಮುಂದೆ ಕೂತು ಚಪ್ಪಾಳೆ ತಟ್ಟಲಿ, ಫೋಟೋ ಚೆನ್ನಾಗಿ ಬರುತ್ತೆ ಅಂದರು. ನಾವು ಹೋಗಲಿಲ್ಲ.

ಒಬೆರೆಕ್ ಇನ್ನೂ ಮುಟ್ಟಿಲ್ಲ. ಗಿರಗಿರ ತಿರುಗುವ ಕುಣಿತ, ವೀಲ್‌ಚೇರ್‌ನ ಕಾಲಿಡುವ ಪಟ್ಟಿ ಜೊತೆಗಾರರ ಕಣಕಾಲಿಗೆ ಬಡಿಯುತ್ತೆ. ಆದರೆ ಇಬ್ಬರು ಹುಡುಗಿಯರು ಸುಮ್ನೆ ಕೂರುವವರಲ್ಲ, ಒಂದು ಚಕ್ರ ಹಿಡಿದು ಇನ್ನೊಂದು ತಳ್ಳಿ ಕಾರಿಡಾರ್‌ನಲ್ಲಿ ಆಗಲೇ ತಿರುಗುತ್ತಿದ್ದಾರೆ.